ಬಿಸಿಲಿಗಿಟ್ಟ ಡಬ್ಬಿ

ಫ್ರೀಜರಿನ ಬಾಗಿಲಿಗೆ ವಿಭೂತಿಯ ಮೂರು ಪಟ್ಟೆ ಬಿದ್ದಿದ್ದವು. ನಡುವೆ ಕುಂಕುಮದ ಬೊಟ್ಟು, ಹಿಡಿಗೆ ಒಣಗಿದ ಚೆಂಡುಹೂವಿನ ಸರ. ಯಶೋಧ ಹೆಗಲ ಬ್ಯಾಗನ್ನು ಇಳಿಸದೆಯೇ ಹಿಡಿಗೆ ಕೈ ಹಾಕಿದಳು. ಬಾಗಿಲು ಸಲೀಸಾಗಿ ತೆರೆದುಕೊಂಡಿತು. ಅವಳ ಎದೆ ಧಸಕ್ಕೆಂದಿದ್ದು ಅದಕ್ಕೇ. ಹಬ್ಬಕ್ಕೆ ಊರಿಗೆ ಹೋಗುವ ಮುನ್ನ ಆ ಬಾಗಿಲನ್ನು ಎರಡೂ ಕೈಯಿಂದ ಜಗ್ಗಬೇಕಾಗಿತ್ತು. ಒಳಗೆ ಅಷ್ಟು ಮಂಜು ಕಟ್ಟಿತ್ತು. ಈಗ ಒಳಗೋಡೆಗಳು ಬೆಳಗಿದ ತಟ್ಟೆಯ ಹಾಗೆ ಹೊಳೆಯುತ್ತಿದ್ದವು. ನಿಂಬೆಹಣ್ಣಿನ ವಾಸನೆ ಬರುತ್ತಿತ್ತು. ಮೇಲಿನ ಅರೆಯಲ್ಲಿ ಅವಳ ಡಬ್ಬಿ ಇದ್ದಲ್ಲೇ ಇತ್ತು, ಆದರೆ ಅದರ ಹಳದಿ ಚೀಟಿ ಗೋಡೆಯ ಕಡೆ ತಿರುಗಿತ್ತು.

"ಎಂಗದೆ ಮೇಡಮ್ಮೋರೆ? ಚಂದಾಕದಾ?"

ಹಿಂದೆ ಹೊನ್ನಪ್ಪ ಟೀ ಫ್ಲಾಸ್ಕು ಹಿಡಿದು ನಿಂತಿದ್ದ. ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೆಲ್ಲ ಅವನೊಬ್ಬನೇ ಅಟೆಂಡರು. ಪಕ್ಕದ ಊರು ಕಿರಂಗೂರಿನವನು; ಯಶೋಧ ಬಾಡಿಗೆಗಿದ್ದದ್ದೂ ಅವನ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ. ಮನೆಯಲ್ಲಿ ಅವನಿಗೆ ಅವಳು ಯಶೋದವ್ವ, ಕಾಲೇಜಿನ ಗೇಟು ದಾಟಿದ ಮೇಲೆ ಮೇಡಮ್ಮೋರು.

"ಒಂದ್ ಗೇಣು ಐಸು ಕಟ್ಕಂಡಿತ್ತು. ನೋಡಿ ನಂಗೇ ನಾಚ್ಕೆ ಆಯ್ತು. ಆಯುದ್ದ್‌ಪೂಜೆ ದಿನ ಎಲ್ಲಾ ಮಿಸನ್ನಿಗೂ ಬೊಟ್ಟು ಮಡಗಿ ಇದೊಂದನ್ನ ಅಂಗೇ ಬುಡಕ್ಕಾದದಾ? ಇದೂ ನಿಮ್ಗೆ ಅನ್ನ ಕೊಡೋ ದೇವ್ರೇ ತಾನೆ?"

"ಸ್ವಿಚ್ಚು ಆರಿಸಿದ್ರಾ ಹೊನ್ನಪ್ಪಣ್ಣ?"

"ಆರ್ಸ್ದೆ ಇದ್ರೆ ಐಸು ನಿಮ್ಮಾತು ಕೇಳಿ ಕರಗ್ತದಾ?" ಹೊನ್ನಪ್ಪ ನಕ್ಕ.

"ಈ ಡಬ್ಬಿ ಎಲ್ಲಿತ್ತು?"

"ಅದ್ಕೇನೂ ಆಗಿಲ್ಲ. ಮುಚ್ಚಳಕ್ಕೆ ಕೈ ಹಾಕ್ಬ್ಯಾಡಿ ಅಂದಿದ್ರಲ್ಲ, ಹಾಕ್ನಿಲ್ಲ. ಮೇಲೆಲ್ಲಾ ತ್ಯಾವ ಆಗಿತ್ತು. ಒಣಗ್ಲಿ ಅಂತ ಕಿಟಕೀಲಿ ಬಿಸ್ಲಿಗೆ ಮಡಗಿದ್ದೆ, ಅಷ್ಟೆ."

ಅವಳ ಮುಖ ಏನಾಯಿತೋ ಅವಳಿಗೆ ಕಾಣುವಂತಿರಲಿಲ್ಲ. ಹೊನ್ನಪ್ಪನ ಮುಖ ಆದದ್ದು ಕಂಡಿತು. ತುಟಿಯ ನಗು ಅಲ್ಲಿಯೇ ಉಳಿದು, ಕಣ್ಣಿನದು ಮಾತ್ರ ಆರಿತು.

"ಎಷ್ಟೊತ್ತು ಇತ್ತು ಬಿಸಿಲಲ್ಲಿ?"

"ಒಸಿ ಹೊತ್ತು." ಅವನು ಫ್ಲಾಸ್ಕನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿ, ಬೇರೆ ಕಡೆ ಇಟ್ಟ. "ಐಸು ಕರಗಿ, ನಾನು ಒರ್ಸೋಗಂಟ. ಒಂದ್ ಗಂಟೆ ಇದ್ದದೇನೋ."

ಹೊನ್ನಪ್ಪ ಲೋಟಕ್ಕೆ ಟೀ ಬಗ್ಗಿಸಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದ.

ಡಬ್ಬಿಯಲ್ಲಿದ್ದದ್ದು ಹೆಬ್ಬೆರಳ ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆಗಳು. ಯುರೋಪಿನ ನೆಲದಡಿಯ ದೊಡ್ಡ ಯಂತ್ರದಲ್ಲಿ ಕಣಗಳು ಎದುರುಬದುರು ಬಂದು ಬಡಿದು ಸಿಡಿಯುವಾಗ, ಆ ಸಿಡಿತದ ದಾರಿಯನ್ನು ಎಲ್ಲಕ್ಕಿಂತ ಹತ್ತಿರದಿಂದ ನೋಡುವವು ಇಂಥ ಬಿಲ್ಲೆಗಳೇ. ಹತ್ತಿರವಿದ್ದ ತಪ್ಪಿಗೆ ಪೆಟ್ಟು ತಿನ್ನುವವೂ ಅವೇ. ಹಾದುಹೋಗುವ ಒಂದೊಂದು ಕಣವೂ ಒಳಗೆ ಯಾವುದಾದರೂ ಪರಮಾಣುವನ್ನು ಜಾಗದಿಂದ ಕದಲಿಸಿ ಹೋಗುತ್ತದೆ. ಒಂದು ಗಾಯ ಲೆಕ್ಕಕ್ಕಿಲ್ಲ. ವರ್ಷಗಟ್ಟಲೆ ಮಳೆಯಂತೆ ಸುರಿದರೆ ಬಿಲ್ಲೆಯಲ್ಲಿ ಸುಮ್ಮಸುಮ್ಮನೆ ವಿದ್ಯುತ್ತು ಸೋರಲು ತೊಡಗುತ್ತದೆ, ಕೊನೆಗೆ ಕಣ ಬಂದರೂ ಕಾಣದಷ್ಟು ಕುರುಡಾಗುತ್ತದೆ. ಆ ಪೆಟ್ಟು ತಾಳುವ ಬಿಲ್ಲೆ ಮಾಡಲು ಹತ್ತಾರು ದೇಶಗಳ ಲ್ಯಾಬುಗಳು ಹೆಣಗುತ್ತಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಈ ಕೋಣೆ.

ಡಬ್ಬಿಯಲ್ಲಿದ್ದವು ಯಶೋಧಳೇ ನಕ್ಷೆ ಬರೆದು ಮಾಡಿಸಿದ ಬಿಲ್ಲೆಗಳು. ಹೊರಗೆ ಕಳಿಸಿ, ವರ್ಷಗಟ್ಟಲೆ ಬೀಳಬೇಕಾದ ಪೆಟ್ಟನ್ನು ಒಂದೇ ಸಲಕ್ಕೆ ಹೊಡೆಸಿ, ಅವುಗಳ ವಿಕಿರಣ ಕೈಯಲ್ಲಿ ಹಿಡಿಯುವಷ್ಟು ಇಳಿದ ಮೇಲೆ ತರಿಸಿಕೊಂಡಿದ್ದಳು. ಪೆಟ್ಟು ತಿಂದ ಬಿಲ್ಲೆಯನ್ನು ಕೊರೆಯುವ ಚಳಿಯಲ್ಲೇ ಇಡಬೇಕು. ಚಳಿಯಲ್ಲಿ ಗಾಯ ಹೇಗಿತ್ತೋ ಹಾಗೇ ನಿಂತಿರುತ್ತದೆ. ಬೆಚ್ಚಗಾದರೆ ಕದಲಿದ ಪರಮಾಣುಗಳಲ್ಲಿ ಎಷ್ಟೋ ಮೆಲ್ಲಗೆ ತಮ್ಮ ಜಾಗಕ್ಕೆ ಮರಳುತ್ತವೆ, ಗಾಯ ಮಾಯತೊಡಗುತ್ತದೆ. ಇನ್ನೂ ಬಹಳ ಕಾಲ ಬೆಚ್ಚಗಿಟ್ಟರೆ ಬೇರೊಂದು ಬಗೆಯಲ್ಲಿ ಕೆಡುತ್ತದೆ. ಅದಕ್ಕೇ ಎಲ್ಲ ಲ್ಯಾಬಿನವರೂ ಒಪ್ಪಿದ ಒಂದೇ ಅಳತೆಯ ಶಾಖ ಕೊಟ್ಟು, ಆಮೇಲೆ ಪರೀಕ್ಷೆ ಮಾಡಿ, ಯಾರ ಬಿಲ್ಲೆ ಗಟ್ಟಿ ಎಂದು ಹೋಲಿಸುವುದು ರೂಢಿ. ಒಬ್ಬರ ಬಿಲ್ಲೆ ಕದ್ದುಮುಚ್ಚಿ ಬಿಸಿಲು ಕಾಯಿಸಿಕೊಂಡು ಬಂದರೆ ಹೋಲಿಕೆಗೆ ಅರ್ಥವಿಲ್ಲ.

ಒಂದು ಗಂಟೆಯಾದರೆ ದೊಡ್ಡ ವಿಷಯವಲ್ಲ. ಅಷ್ಟನ್ನು ಲೆಕ್ಕದ ಅಂಚಿಗೆ ಸೇರಿಸಬಹುದು. ಫ್ರೀಜರಿನ ತಾಪಮಾನ ಗುರುತಿಸುವ ಪುಟ್ಟ ಯಂತ್ರವನ್ನು ನೋಡಿದಳು. ಅದನ್ನೂ ಅದೇ ಸ್ವಿಚ್ ಬೋರ್ಡಿಗೆ ಸಿಕ್ಕಿಸಿದ್ದರಿಂದ ಅದೂ ಆರಿ, ಮತ್ತೆ ಹೊತ್ತಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಮೊದಲಿನಿಂದ ಶುರುಮಾಡಿತ್ತು. ಅದರ ಗಾಜಿನ ಮೇಲೂ ಒಂದು ಬೊಟ್ಟು.

ಬಿಲ್ಲೆಗಳಿಗೆ ರೂಢಿಯ ಶಾಖ ಕೊಟ್ಟ ಮೇಲೆ, ಬೆಳಕು ತಾಕದ ಪೆಟ್ಟಿಗೆಯೊಳಗೆ ಒಂದನ್ನಿಟ್ಟು, ಕೂದಲೆಳೆಯಂಥ ಸೂಜಿಯನ್ನು ಅದರ ಮೇಲಿಳಿಸಿ, ಯಶೋಧ ವಿದ್ಯುತ್ತು ಏರಿಸುತ್ತ ಹೋದಳು. ಪರದೆಯ ಮೇಲೆ ಸೋರಿಕೆಯ ಗೆರೆ ಮೂಡತೊಡಗಿತು. ಮೂಡಿತು, ಏಳಲಿಲ್ಲ. ಬೇರೆಯವರ ಬಿಲ್ಲೆಗಳ ಗೆರೆಗಳೆಲ್ಲ ಏರಿನ ಮೇಲೆ ಏರು ಹತ್ತಿದ್ದ ಕಡೆಯಲ್ಲಿ ಅವಳದು ಕೆರೆಯ ನೀರಿನ ಹಾಗೆ ಮಟ್ಟಸವಾಗಿ ಹೋಗುತ್ತಿತ್ತು. ಎರಡನೆಯ ಬಿಲ್ಲೆಯಿಟ್ಟಳು. ಅದೂ ಹಾಗೇ. ಮೂರನೆಯದನ್ನೂ ಇಟ್ಟು ನೋಡಿದಳು.

ಎಷ್ಟೋ ಕಾಲದ ಮೇಲೆ ಅವಳಿಗೆ ಯಾರನ್ನಾದರೂ ಕೂಗಬೇಕೆನ್ನಿಸಿತು. ಕೂಗಲು ಯಾರೂ ಇರಲಿಲ್ಲ. ಅವಳ ಜೊತೆ ಸೇರಿದ್ದವರು ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು. ಅವರ ಕುರ್ಚಿಗಳಿಗೆ ಧೂಳು ಕೂರದಿರಲೆಂದು ಪ್ಲಾಸ್ಟಿಕ್ ಹೊದಿಸಿ ಅವಳೇ ಗೋಡೆಗೆ ಸರಿಸಿದ್ದಳು. ಹಬ್ಬಕ್ಕೆ ಬಿಂಡಿಗನವಿಲೆಗೆ ಹೋದಾಗ ಅಣ್ಣ ತಿಮ್ಮೇಶ ನೆಂಟರಿಗೆ, "ನಮ್ ಯಶೋದಿ, ಕಂಪ್ಯೂಟ್ರು ಕೆಲ್ಸ" ಎಂದು ಪರಿಚಯ ಹೇಳಿದ್ದ. ಅವಳು ಅಲ್ಲವೆನ್ನಲಿಲ್ಲ. ಅಲ್ಲ ಎಂದರೆ ಹೌದು ಏನೆಂದು ಹೇಳಬೇಕಾಗುತ್ತಿತ್ತು. ಅಲ್ಲಿದ್ದಷ್ಟು ಹೊತ್ತೂ ಕುರಿಗಳ ರೊಪ್ಪದ ಪಕ್ಕ ಕೂತು, ಬಂದುಹೋಗುವವರ ಕಾಲು ನೋಡುತ್ತ ಕಳೆದು, ಬಸ್ಸು ಹತ್ತಿದ್ದಳು.

ಫೋನು ಬಂತು. ರವೀಂದ್ರ ಸರ್. ಅವಳಿಗೆ ಮಾರ್ಗದರ್ಶಕರು, ಈ ಕೋಣೆಯನ್ನು ಕಟ್ಟಿದವರೂ ಅವರೇ. ಈಗ ಬೆಂಗಳೂರಿನಲ್ಲಿ ಆಡಳಿತದ ಹುದ್ದೆಯಲ್ಲಿದ್ದು ಫೋನಿನಲ್ಲಷ್ಟೇ ಸಿಗುತ್ತಿದ್ದರು.

"ಏನಮ್ಮ, ನೋಡಿದೆಯಾ? ಹೇಗಿದೆ?"

"ಚೆನ್ನಾಗಿ ಬಂದಿದೆ ಸರ್." ತನ್ನ ದನಿ ತನಗೇ ಹೊಸದಾಗಿ ಕೇಳಿತು. "ಎಲ್ಲರಿಗಿಂತ."

"ಕಳಿಸು ಕಳಿಸು, ಈಗಲೇ ಕಳಿಸು." ಗೆರೆಗಳನ್ನು ಕಳಿಸಿದಳು. "ಯಶೋಧ! ಇದು... ಏನಮ್ಮ ಇದು! ನಾಳೆ ಮೀಟಿಂಗಿನಲ್ಲಿ ಇದನ್ನು ಹಾಕಿಬಿಡು. ಇನ್ಯಾರಿಗೆ ಕೊಡ್ತಾರೆ ನೋಡೋಣ. ಆ ಸಿವಿಲ್‌ನವರಿಗೆ ಹೇಳು, ಟೇಪು ಸುತ್ತಿಕೊಂಡು ಹೋಗಲಿ."

ನಾಳೆಯ ಮೀಟಿಂಗಿನಲ್ಲಿ ಎಲ್ಲ ಲ್ಯಾಬುಗಳ ಮಾದರಿಗಳಲ್ಲಿ ಎರಡನ್ನು ಆರಿಸುತ್ತಿದ್ದರು. ಆರಿಸಿದರೆ ಮುಂದಿನ ಬಿಲ್ಲೆಗಳನ್ನು ಅವಳ ನಕ್ಷೆಯಂತೆ ಮಾಡುತ್ತಾರೆ, ಕೋಣೆ ಉಳಿಯುತ್ತದೆ. ಇಲ್ಲವಾದರೆ ಕೋಣೆ ಸಿವಿಲ್ ವಿಭಾಗಕ್ಕೆ. ಅವರು ಕಾಂಕ್ರೀಟು ಅಚ್ಚುಗಳನ್ನು ಜೋಡಿಸಲು ಜಾಗ ಅಳೆದುಕೊಂಡು ಆಗಲೇ ಹೋಗಿದ್ದರು. ಅವಳು ಅಲ್ಲೇ ಇದ್ದಳು. ಟೇಪಿನ ತುದಿ ಹಿಡಿದುಕೊಳ್ಳಿ ಎಂದು ಅವಳ ಕೈಗೇ ಕೊಟ್ಟಿದ್ದರು, ಅವಳು ಹಿಡಿದಿದ್ದಳು.

ಫ್ರೀಜರಿನ ವಿಷಯ ಸರ್‌ಗೆ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವರು ಫೋನು ಇಟ್ಟಿದ್ದರು. ಮತ್ತೆ ಮಾಡಬಹುದಿತ್ತು. ಒಂದು ಗಂಟೆ ತಾನೆ, ಎಂದುಕೊಂಡಳು. ಹೊನ್ನಪ್ಪಣ್ಣ ಹೇಳಿದನಲ್ಲ. ಆದರೆ ಒಂದು ಗಂಟೆಯ ಬಿಸಿಲಿಗೆ ಗೆರೆ ಇಷ್ಟು ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವಳು ಬಹಳ ಹೊತ್ತು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಆ ಕಡೆ ತಿರುಗದೆ ಕೆಲಸ ಮಾಡಿದಳು.

ಸಂಜೆ ಕಿರಂಗೂರಿನ ದಾರಿಯಲ್ಲಿ ಆಲೆಮನೆಯ ಹೊಗೆ ಕಬ್ಬಿನ ಗದ್ದೆಗಳ ಮೇಲೆ ತಗ್ಗಾಗಿ ಮಲಗಿತ್ತು. ಇವತ್ತು ಹೊನ್ನಪ್ಪ ಗೇಟಿನ ಬಳಿ ಅವಳಿಗಾಗಿ ಕಾದಿರಲಿಲ್ಲ. ಬೇರೆ ದಿನಗಳಲ್ಲಿ ಅವನು ತನ್ನ ಲಟಾರಿ ಸೈಕಲ್ಲನ್ನು ತಳ್ಳಿಕೊಂಡು, ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನ ಬೆಕ್ಕಿನವರೆಗೆ ಎಲ್ಲರ ಸುದ್ದಿ ಹೇಳುತ್ತ ಅವಳ ಜೊತೆ ನಡೆಯುತ್ತಿದ್ದ. ಅವಳು ಹೂಂ ಎನ್ನುತ್ತಿದ್ದಳು. ದಿನದಲ್ಲಿ ಅವಳ ಕಿವಿಗೆ ಬೀಳುತ್ತಿದ್ದ ಮನುಷ್ಯರ ಮಾತು ಹೆಚ್ಚುಕಡಿಮೆ ಅಷ್ಟೆ. ಇವತ್ತು ಅವಳ ಚಪ್ಪಲಿಯ ಸದ್ದೇ ಅವಳ ಹಿಂದೆ ಬಂತು.

ಕೋಣೆಯಲ್ಲಿ ದೀಪ ಹಾಕದೆ ಮಂಚದ ಮೇಲೆ ಕೂತಳು. ಫೋನಿನಲ್ಲಿ ಮತ್ತೊಮ್ಮೆ ಆ ಗೆರೆ ನೋಡಿದಳು. ಚೆಂದವಾಗಿತ್ತು. ಅದನ್ನು ನೋಡುತ್ತ ನೋಡುತ್ತ, ಇದು ನನ್ನದೇ ಎಂದು ಅನ್ನಿಸುತ್ತಿತ್ತು.

"ಯಶೋದವ್ವೋ!" ಕೆಳಗಿನಿಂದ ಹೊನ್ನಪ್ಪನ ಹೆಂಡತಿ ಅಣ್ಣಮ್ಮ ಕೂಗಿದಳು. "ಅದ್ಯಾಕೆ ಸೂತ್ಕದ ಮನೆ ಅಂಗೆ ಕತ್ಲಲ್ಲಿ ಕುಂತಿದ್ದೀಯೇ? ಇಳ್ದು ಬಾ, ಅಲಸಂದೆ ಕಾಳಿನ ಬಸ್ಸಾರು ಮಾಡಿವ್ನಿ. ಮುದ್ದೆ ಆರೋಯ್ತದೆ."

"ನಾನೇ ಅನ್ನಕ್ಕಿಡ್ತೀನಿ ಅಣ್ಣಮ್ಮಕ್ಕ."

"ನಿನ್ನನ್ನ ನಾಳೀಕೆ ಇಡು. ಬಾ ಸುಮ್ಕೆ."

ಅವಳು ಇಳಿದು ಬಂದಳು. ನಡುಮನೆಯಲ್ಲಿ ಹೊನ್ನಪ್ಪ ತಟ್ಟೆಯ ಮುಂದೆ ಕೂತಿದ್ದ, ತಲೆ ಎತ್ತಲಿಲ್ಲ. ಅಣ್ಣಮ್ಮ ಅವಳಿಗೂ ಮಣೆ ಹಾಕಿ, ಬಿಸಿ ಮುದ್ದೆ ಬಡಿಸಿ, ಒಮ್ಮೆ ಅವನನ್ನೂ ಒಮ್ಮೆ ಅವಳನ್ನೂ ನೋಡಿದಳು.

"ಏನಿದು? ಅತ್ತೆ ಸೊಸೆ ಅಂಗೆ ಒಬ್ಬರ್ ಮೊಕ ಒಬ್ರು ನೋಡ್ದಂಗೆ ಕುಂತಿದ್ದೀರಿ. ಒಲ ಗಿಲ ಪಾಲು ಮಾಡ್ಕಂಡ್ರಾ?"

ಯಶೋಧ ಮುದ್ದೆ ಮುರಿದು ಸಾರಿಗದ್ದಿ ನುಂಗಿದಳು. ಸುಮ್ಮನೆ ಉಂಡು, ಕೈ ತೊಳೆದು, ಮೆಟ್ಟಿಲು ಹತ್ತಿಬಿಡಬಹುದು. ಒಂದು ಗಂಟೆ ಎಂಬ ಮಾತು ಒಂದು ಗಂಟೆಯಾಗಿಯೇ ಉಳಿಯುತ್ತದೆ. ಅದನ್ನು ಹೇಳಿದವನು ಹೊನ್ನಪ್ಪ. ಅವಳು ಕೇಳಿದ್ದನ್ನು ಬರೆಯುತ್ತಾಳೆ, ಅಷ್ಟೆ. ಅವಳು ಇನ್ನೊಂದು ತುತ್ತು ನುಂಗಿದಳು. ಲೋಟ ಎತ್ತಿ ನೀರು ಕುಡಿದಳು.

"ಹೊನ್ನಪ್ಪಣ್ಣ, ಆ ಡಬ್ಬಿ ಬಿಸಿಲಲ್ಲಿ ನಿಜವಾಗ್ಲೂ ಎಷ್ಟೊತ್ತಿತ್ತು?"

"ಏಳುದ್ನಲ್ಲವ್ವ ಒತ್ತಾರೆ. ಒಂದ್ ಗಂಟೆ."

"ಯಾವ್ ಡಬ್ಬಿ?" ಅಂದಳು ಅಣ್ಣಮ್ಮ.

"ನಿಂಗ್ಯಾಕೆ ಅದು? ನೀನು ಸಾರು ಬುಡು."

"ಆ ಕಾಲೇಜು ಫ್ರಿಜ್ಜಿನ ಕತೇನಾ? ಒಂದ್ ಗಂಟೆಯಂತೆ! ಅಬ್ಬದ ದಿನ ಒತ್ತಾರೇಲಿ ಓಗಿ ಅದೆಲ್ಲ ಬಿಚ್ಚಾಕಿ, ಪೂಜೆ ಮಾಡಿ ಬಂದು, ಒಬ್ಬಟ್ಟು ತಿಂದು ಸೊಂಟ ಚಾಚ್ದೋನು ಎದ್ದಿದ್ದು ದೀಪ ಅಚ್ಚೋ ಹೊತ್ಗೆ. ಮಾರ್ನೆ ದಿನ ಬೈಗಲ್ಲಿ ಬನ್ನಿ ಮುಡಿಯಕ್ಕೆ ಓದಾಗ, 'ಅಯ್ಯಯ್ಯೋ, ಸ್ವಿಚ್ಚೇ ಹಾಕ್ನಿಲ್ಲ ಕಣಮ್ಮಿ' ಅಂತ ಬನ್ನಿಸೊಪ್ಪು ನನ್ ಕೈಗಾಕಿ ಚಪ್ಲಿ ಇಲ್ದೆ ಓಡೋದೋನು ಯಾರು? ನಮ್ಮಪ್ಪನಾ?"

ಹೊನ್ನಪ್ಪ ಬೆರಳಿಗಂಟಿದ ಮುದ್ದೆಯನ್ನು ತಟ್ಟೆಯಂಚಿಗೆ ಸವರಿದ. ಮತ್ತೂ ಸವರಿದ.

"ಮುಚ್ಚಮ್ಮಿ ಬಾಯ್ನ."

"ನಾನ್ಯಾಕ್ ಮುಚ್ಲಿ? ಸುಳ್ಳಾ?"

"ಸುಳ್ಳಲ್ಲ." ಅವನು ಈಗ ಯಶೋಧಳನ್ನು ನೋಡಿದ. "ನಿನ್ ಮೊಕ ನೋಡ್ದೆ ಕಣವ್ವ ಒತ್ತಾರೆ. ಮನೆಗೆ ಬೆಂಕಿ ಬಿದ್ದೋರ್ ಮೊಕ ಆಗಿತ್ತು. ಎದ್ರಿಕೆಗೆ ಬಾಯಿಗೆ ಒಂದ್ ಗಂಟೆ ಅಂತ ಬಂದ್ಬುಡ್ತು. ನಾನೇನು ಪರ್ಮನೆಂಟಾ? ನಾಳೀಕೆ ಬರಬ್ಯಾಡ ಅಂದ್ರೆ ಮುಗೀತು."

"ನಿಮ್ಮೆಸ್ರು ಎಲ್ಲೂ ಬರಲ್ಲ."

"ಅಂಗಾದ್ರೆ ಏನೋ ಕೆಟ್ಟದೆ ಅಂತಾಯ್ತು."

"ಅದೇನು ಮೊಸರಾ, ಬಿಸ್ಲಿಗೆ ಕೆಡಕ್ಕೆ?" ಅಂದಳು ಅಣ್ಣಮ್ಮ. ಅವಳ ದನಿಯಲ್ಲೂ ಈಗ ಗಾಬರಿಯಿತ್ತು.

"ಕೆಟ್ಟಿಲ್ಲ ಅಣ್ಣಮ್ಮಕ್ಕ. ಒಳ್ಳೇದಾಗೈತೆ. ಇದ್ದದ್ದಕ್ಕಿಂತ ಒಳ್ಳೇದಾಗೈತೆ."

"ಒಳ್ಳೇದಾದ್ರೆ ಅದ್ಯಾಕೆ ಕಣ್ಣಲ್ಲಿ ನೀರು?"

"ಸಾರು ಖಾರ."

"ನನ್ ಬಸ್ಸಾರು ಯಾವತ್ತು ಖಾರ ಆಗದೆ?" ಎಂದು ಅಣ್ಣಮ್ಮ ಗೊಣಗಿ, ಅವಳ ತಟ್ಟೆಗೆ ಕೇಳದೆಯೇ ಒಂದು ಮಿಳ್ಳೆ ತುಪ್ಪ ಬಿಟ್ಟಳು.

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಯಶೋಧ ಲ್ಯಾಬಿನ ಬಾಗಿಲು ತೆಗೆದಳು. ಹಬ್ಬದ ಬೆಳಿಗ್ಗೆಯಿಂದ ಮಾರನೆಯ ಸಂಜೆಯವರೆಗೆ. ನಡುವೆ ಒಂದು ರಾತ್ರಿ. ಕಿಟಕಿಯ ಬಿಸಿಲು ಇಷ್ಟಿದ್ದೀತು ಎಂದು ಅಂದಾಜು ಹಿಡಿದು, ಗಾಯ ಎಷ್ಟು ಮಾಗಿರಬಹುದೆಂದು ಲೆಕ್ಕ ಹಾಕಿ, ಆ ಮಾಗಿದ್ದನ್ನು ಕಳೆದಳು. ಪರದೆಯ ಮೇಲೆ ಅವಳ ಗೆರೆ ಒಂದು ಸಲ ಅಲುಗಿ ಮೇಲೆದ್ದಿತು. ಎದ್ದು ಉಳಿದವರ ಗೆರೆಗಳ ನಡುವೆ ಹೋಗಿ ಸೇರಿಕೊಂಡಿತು. ತೀರಾ ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ಬಣ್ಣ ತೆಗೆದುಬಿಟ್ಟರೆ ಯಾವುದು ತನ್ನದೆಂದು ಅವಳೇ ಹೇಳಲಾರಳು. ಸಂತೆಯಲ್ಲಿ ಹಿಂದಿನಿಂದ ನೋಡಿದ ಜನರ ಹಾಗೆ.

ಸರ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಹೊನ್ನಪ್ಪನ ಹೆಸರು ಹೇಳಲಿಲ್ಲ. ಹೇಳದಿದ್ದರೂ ಆ ವಿಭಾಗದಲ್ಲಿ ಇನ್ಯಾರು ಫ್ರೀಜರು ತೊಳೆಯುತ್ತಾರೆಂದು ಅವರಿಗೆ ಗೊತ್ತಿತ್ತು.

"ಅಷ್ಟು ಹೊತ್ತು ಇತ್ತು ಅಂತ ನೀನು ಕಣ್ಣಾರೆ ನೋಡಿದ್ದೀಯಾ?" ಅಂದರು ರವೀಂದ್ರ.

"ಇಲ್ಲ ಸರ್."

"ಮತ್ತೆ? ಮೊದಲು ಕೇಳಿದಾಗ ಒಂದು ಗಂಟೆ ಅಂತಾನೆ. ಆಮೇಲೆ ಹೆಂಡತಿ ಇನ್ನೇನೋ ಅಂತಾಳೆ. ಯಾವುದೋ ಮನೆಯ ಮಾತು ತಗೊಂಡು ನಿನ್ನ ಇಷ್ಟು ವರ್ಷದ ಕೆಲಸ ನೀನೇ ಕೆಡಿಸಿಕೊಳ್ತೀಯಾ? ಒಂದು ಗಂಟೆ ಅಂತ ಬರಿ. ನೀನು ಹೇಳಿದ ಸುಳ್ಳಲ್ಲವಲ್ಲ ಅದು."

"ಸುಳ್ಳು ಸರ್."

ಅವರಿಗೆ ಎದುರು ಮಾತನ್ನು ಅವಳು ಅದುವರೆಗೆ ಆಡಿದವಳಲ್ಲ. ಆಡಿದ ಮೇಲೆ ಕಿವಿ ಬಿಸಿಯಾಯಿತು. ಅತ್ತ ಕಡೆ ಯಾರೋ ಕಡತಕ್ಕೆ ಸಹಿ ಕೇಳುತ್ತಿದ್ದದ್ದು ಕೇಳಿಸಿತು. ಸರ್ ಅವರಿಗೆ ಏನೋ ಹೇಳಿ ಮತ್ತೆ ಫೋನಿಗೆ ಬಂದರು.

"ಆ ರೂಮು ಹೋಗುತ್ತೆ ಯಶೋಧ. ನಾನು ಅಲ್ಲಿಗೆ ಮೊದಲು ಬಂದಾಗ ಅಲ್ಲಿ ಮುರಿದ ಬೆಂಚು ತುಂಬಿದ್ರು."

"ಗೊತ್ತು ಸರ್."

"ನೋಡು. ನಿನ್ನಿಷ್ಟ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎಂದು ಅವಳಿಗನ್ನಿಸಿತು.

ಮಧ್ಯಾಹ್ನ ಮೀಟಿಂಗಿಗೆ ಕಂಪ್ಯೂಟರಿನಲ್ಲಿ ಒಂದೊಂದೇ ಚೌಕ ತೆರೆಯಿತು. ಒಬ್ಬೊಬ್ಬರದು ಒಂದೊಂದು ದೇಶದ ಬೆಳಕು. ಒಬ್ಬರ ಹಿಂದೆ ಬೆಳಗಿನ ಕಿಟಕಿ, ಒಬ್ಬರ ಹಿಂದೆ ಆಗಲೇ ಕತ್ತಲು. ರವೀಂದ್ರ ಸರ್ ಒಂದು ಮೂಲೆಯ ಚೌಕದಲ್ಲಿದ್ದರು. ತನ್ನ ಸರದಿ ಬಂದಾಗ ಯಶೋಧ ಎರಡೂ ಗೆರೆಗಳನ್ನು ಒಟ್ಟಿಗೆ ಹಾಕಿದಳು. ಅವಳ ಇಂಗ್ಲಿಷು ಯಾವಾಗಲೂ ಮೊದಲ ಮಾತಿಗೆ ಎಡವುತ್ತಿತ್ತು. ಇವತ್ತೂ ಎಡವಿ, ಆಮೇಲೆ ತಾನಾಗಿ ನಡೆಯಿತು. ನಮ್ಮಲ್ಲಿ ಹಬ್ಬಕ್ಕೆ ಯಂತ್ರಗಳನ್ನು ತೊಳೆದು ಪೂಜೆ ಮಾಡುತ್ತಾರೆ, ಫ್ರೀಜರು ಆರಿತ್ತು, ಬಿಲ್ಲೆಗಳು ಒಂದೂವರೆ ದಿನ ಬಿಸಿಲು ಬೀಳುವ ಕಿಟಕಿಯಲ್ಲಿದ್ದವು, ಹಾಗಾಗದ ಹಾಗೆ ನೋಡಿಕೊಳ್ಳಬೇಕಾದವಳು ನಾನು, ಕೆಳಗಿನ ಗೆರೆಯನ್ನು ನಂಬಬೇಡಿ. ಯಾರೋ ನಕ್ಕಂತಾಯಿತು, ಕೆಮ್ಮಿದ್ದೂ ಇರಬಹುದು. ಸಭೆ ನಡೆಸುತ್ತಿದ್ದಾತ ಧನ್ಯವಾದ ಹೇಳಿ ಮುಂದಿನವರನ್ನು ಕರೆದ.

ಕೊನೆಯಲ್ಲಿ ಎರಡು ಹೆಸರು ಓದಿದರು. ಅವಳದಿರಲಿಲ್ಲ. ಚೌಕಗಳು ಒಂದೊಂದಾಗಿ ಆರತೊಡಗಿದವು. ರವೀಂದ್ರ ಸರ್ ಅವರದು ಎಲ್ಲಕ್ಕಿಂತ ಮೊದಲು ಆರಿತ್ತು, ಅವಳು ಗಮನಿಸಿದ್ದಳು. ತಾನೂ ಆರಿಸಲು ಕೈ ನೀಡಿದಾಗ ಅವಳ ಹೆಸರು ಹಿಡಿದು ಯಾರೋ ಕರೆದರು. ಜಪಾನಿನ ಒಂದು ಲ್ಯಾಬಿನ ನಡುವಯಸ್ಸಿನ ಹೆಂಗಸು. ಇಷ್ಟು ದಿನದ ಮೀಟಿಂಗುಗಳಲ್ಲಿ ಆಕೆ ಮಾತಾಡಿದ್ದನ್ನು ಯಶೋಧ ಕೇಳಿರಲಿಲ್ಲ. ಅವಳ ಹಾಗೆಯೇ ಮೂಲೆಯಲ್ಲಿ ಕೂತು ನೋಡುವವಳು. ಕಿಟಕಿಯಲ್ಲಿ ಶಾಖ ಎಷ್ಟಿತ್ತು ಎಂದು ಆಕೆ ಕೇಳಿದಳು. ಹಗಲೆಷ್ಟು, ರಾತ್ರಿಯೆಷ್ಟು? ಡಬ್ಬಿ ಯಾವುದರದು? ಅದು ತಿಳಿಯದೆ ನಿಮ್ಮ ಮೇಲಿನ ಗೆರೆಯನ್ನೂ ಹೇಗೆ ನಂಬುವುದು?

ಅಂದಾಜು ಮಾಡಿದೆ, ಗೊತ್ತಿಲ್ಲ, ಅಂದಳು ಯಶೋಧ. ಅಳೆದು ಹೇಳುತ್ತೇನೆ.

ಆಕೆ ತಲೆಯಾಡಿಸಿದಳು. ಕಾಯುತ್ತೇನೆ ಎಂದಳು. ಆ ಚೌಕವೂ ಆರಿತು.

ಮಾರನೆಯ ದಿನ ಮೋಡವಿರಲಿಲ್ಲ. ಹಬ್ಬದ ದಿನಗಳಂಥದೇ ಬಿಸಿಲು. ಅದೇ ಅಳತೆಯ ಒಂದು ಖಾಲಿ ಡಬ್ಬಿಯೊಳಗೆ ತಾಪಮಾನದ ತಂತಿಯಿಳಿಸಿ, ಮುಚ್ಚಳ ಹಾಕಿ, ಯಶೋಧ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಕಾರಿಡಾರಿನಲ್ಲಿ ಸಿವಿಲ್ ವಿಭಾಗದ ಹುಡುಗರು ಕಬ್ಬಿಣದ ಅಚ್ಚುಗಳನ್ನು ತಂದು ಅವಳ ಬಾಗಿಲ ಹೊರಗೆ ಪೇರಿಸುತ್ತಿದ್ದರು. ಒಂದೊಂದು ಇಟ್ಟಾಗಲೂ ನೆಲ ಸಣ್ಣಗೆ ನಡುಗುತ್ತಿತ್ತು. ಅಂಕಿ ಮೆಲ್ಲಗೆ ಏರುತ್ತಿತ್ತು. ಕಿಟಕಿಯಾಚೆ ಹೆದ್ದಾರಿಯಲ್ಲಿ ಮೈಸೂರಿನ ಕಡೆ ಬಸ್ಸುಗಳು ಹೋಗುತ್ತಿದ್ದವು, ಸದ್ದು ಮಾತ್ರ ಇಲ್ಲಿಯವರೆಗೆ ಬರುತ್ತಿರಲಿಲ್ಲ.

ಹೊನ್ನಪ್ಪ ಬಂದ. ಬಾಗಿಲಲ್ಲೇ ನಿಂತು ಡಬ್ಬಿಯನ್ನೂ ಅವಳನ್ನೂ ನೋಡಿದ. ಒಳಗೆ ಬಂದು ಡಬ್ಬಿಯನ್ನು ಅಂಗೈಯಷ್ಟು ಎಡಕ್ಕೆ ಸರಿಸಿದ.

"ಅವತ್ತು ಇಲ್ಲಿ ಮಡಗಿದ್ದೆ. ಸರಳಿನ ನೆಳ್ಳು ಇದ್ರ ಮೇಲೆ ಬೀಳ್ತಿರ್ನಿಲ್ಲ."

ಅವಳು ಹೂಂ ಎಂದಳು. ಅವನು ಹೋಗಲು ತಿರುಗಿದವನು ನಿಂತ.

"ನೀವೂ ಒಸಿ ಜರುಗಿ ಮೇಡಮ್ಮೋರೆ. ಅವತ್ತು ಇಲ್ಲಿ ಯಾರೂ ಕುಂತಿರ್ನಿಲ್ಲ."

ಯಶೋಧ ನೋಡಿದಳು. ಅವಳ ತಲೆಯ ನೆರಳು ಡಬ್ಬಿಯ ಅರ್ಧವನ್ನು ಮುಚ್ಚಿತ್ತು. ಅವಳು ಸ್ಟೂಲನ್ನು ಗೋಡೆಯ ಕಡೆಗೆ ಎಳೆದುಕೊಂಡಳು. ನೆರಳು ಡಬ್ಬಿಯಿಂದ ಜಾರಿ ಕಟ್ಟೆಯ ಅಂಚಿಗೆ ಬಂದು, ಅಲ್ಲಿಂದ ನೆಲಕ್ಕಿಳಿಯಿತು. ಬಿಸಿಲು ಮುಚ್ಚಳದ ಮೇಲೆಲ್ಲ ಹರಡಿಕೊಂಡಿತು.